ನೋವು ಕುಡಿಯೋ ಕಲ್ಲು

ಬನ್ನಿ, ಹತ್ತಿರ ಕೂತ್ಕೊಳ್ಳಿ. ನಗು ಬಂದರೆ ನಕ್ಕುಬಿಡಿ, ತಡ್ಕೋಬೇಡಿ. ಈ ಕತೆಯಲ್ಲಿ ನಗೋಕೆ ಜಾಗ ಇರೋದೆಲ್ಲ ಮೊದಲಲ್ಲೇ. ಮುಂದಕ್ಕೆ ಹೋದ ಹಾಗೆ ಅದು ಸಣ್ಣದಾಗ್ತಾ ಹೋಗ್ತದೆ.

ಬೆಟ್ಟದ ಬುಡದಲ್ಲಿ ಒಂದು ಹಳ್ಳಿ. ಆ ಹಳ್ಳಿಯಲ್ಲಿ ಚಿಕ್ಕತಾಯಿ ಅನ್ನೋ ಹೆಂಗಸು. ಗಂಡ ಸತ್ತು ಬಹಳ ಕಾಲ ಆಗಿತ್ತು. ಬೆಟ್ಟದಿಂದ ಹಂಚಿಕಡ್ಡಿ ಕೊಯ್ದು ತಂದು, ಪೊರಕೆ ಕಟ್ಟಿ, ಸಂತೆಗೆ ಹಾಕಿ ಬದುಕೋಳು. ಅವಳಿಗೆ ಒಬ್ಬನೇ ಮಗ, ಹೊಂಬ. ಹುಡುಗ ಅಂದ್ಕೋಬೇಡಿ. ಗಡ್ಡ ಮೀಸೆ ಬಂದು, ಅದರಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಕೂದಲೂ ಇಣುಕ್ತಿತ್ತು. ಎತ್ತಿನಂಥ ಮೈ. ಹಸುಗೂಸಿನಂಥ ಮುಖ. ಹೇಳಿದ ಕೆಲಸ ಒಲ್ಲೆ ಅಂದವನಲ್ಲ. ಬಂದ ತೊಂದರೆಯೂ ಅದೇ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು.

"ಬಾಗಿಲು ನೋಡ್ಕೊಂಡಿರು ಮಗ, ಈಗ ಬಂದೆ" ಅಂತ ಅವ್ವ ಹೊರಗೆ ಹೋದರೆ ಬಾಗಿಲಿಗೆ ಎದುರಾಗಿ ಕೂತು ಬಾಗಿಲನ್ನೇ ನೋಡೋನು. ಹಿತ್ತಲ ಕಡೆಯಿಂದ ಮೇಕೆ ನುಗ್ಗಿ, ಕಟ್ಟಿಟ್ಟ ಪೊರಕೆಯನ್ನೆಲ್ಲ ಎಳೆದಾಡಿ ಮೇಯ್ದು ಹೋದರೂ ಅವನ ಕಣ್ಣು ಬಾಗಿಲ ಮೇಲೆ.

"ಅಯ್ಯೋ ನನ್ನ ಕರ್ಮವೇ! ಮೇಕೆ ಬಂದದ್ದು ಕಾಣಲಿಲ್ವೇನ್ಲಾ?"

"ಕಂಡ್ತು ಕಣವ್ವ."

"ಮತ್ತೆ ಓಡಿಸೋಕೇನಾಗಿತ್ತು?"

"ನೀನು ಬಾಗಿಲು ನೋಡು ಅಂದಿದ್ದೆ. ಹೇಳಿದಂಗೇ ಮಾಡ್ದೆ ಕಣವ್ವ!"

ಅವ್ವ ತಲೆ ತಲೆ ಚಚ್ಕೊಳ್ಳೋಳು. ಬೈಯೋಳು. ಬೈದು ಮುಗಿಸಿ, ಹಿಂಗೆ ಮಾಡಬೇಕಿತ್ತು ಅಂತ ಹೇಳಿಕೊಡೋಳು. "ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ" ಅನ್ನೋನು ಹೊಂಬ. ಹಾಗೇ ಮಾಡೋನು ಕೂಡ. ಆದರೆ ಮಾಡಬೇಕಾದ ಕಡೆ ಅಲ್ಲ.

ಹೀಗಿರುವಾಗ ಚಿಕ್ಕತಾಯಿಯ ಹೊಟ್ಟೆಯಲ್ಲಿ ಒಂದು ಗಂಟು ಎದ್ದಿತು. ಮೊದಲು ಅಜೀರ್ಣ ಅಂದ್ಕೊಂಡಳು. ಆಮೇಲೆ ವಾಯು ಅಂದ್ಕೊಂಡಳು. ಉಪ್ಪಿನ ಗಂಟು ಕಾಯಿಸಿ ಕಾಯಿಸಿ ಇಟ್ಟುಕೊಂಡು ಹೊಟ್ಟೆಯ ಚರ್ಮ ಸುಲಿದುಹೋಯಿತು, ನೋವು ಹೋಗಲಿಲ್ಲ. ಪಕ್ಕದ ಮನೆ ಜವನಮ್ಮ ಅವಳನ್ನ ಪೇಟೆ ಆಸ್ಪತ್ರೆಗೆ ಕರ್ಕೊಂಡು ಹೋದಳು. ಆಸ್ಪತ್ರೆಯವರು ನೋಡಿದರು, ಒಬ್ಬರ ಮುಖ ಒಬ್ಬರು ನೋಡ್ಕೊಂಡರು. "ಮನೆಗೆ ಕರ್ಕೊಂಡು ಹೋಗಿ. ಚೆನ್ನಾಗಿ ನೋಡ್ಕೊಳ್ಳಿ" ಅಂದರು.

ಹೊಂಬ ಚೆನ್ನಾಗಿ ನೋಡಿದ. ಚಾಪೆ ಪಕ್ಕ ಕೂತು, ರೆಪ್ಪೆ ಬಡಿಯದೆ, ಅವ್ವನ ಮುಖವನ್ನೇ ನೋಡಿದ. ನೋವು ಬಂದಾಗ ಆ ಮುಖ ಹೇಗೆ ಹಿಂಡಿಕೊಳ್ತದೆ ಅನ್ನೋದನ್ನ ಅವನಷ್ಟು ಚೆನ್ನಾಗಿ ಯಾರೂ ನೋಡಲಿಲ್ಲ. ಅವಳ ಮುಖ ಹಿಂಡಿಕೊಂಡಾಗ ಇವನ ಮುಖವೂ ಹಿಂಡಿಕೊಳ್ಳೋದು.

ಜವನಮ್ಮ ಒಂದು ದಿನ ಅಂದಳು: "ಬೆಟ್ಟದ ಮೇಲೆ ಗವಿಯವ್ವನ ಹತ್ರ ಸ್ಫಟಿಕದ ಕಲ್ಲು ಅದೆ ಕಣೆ ಚಿಕ್ಕತಾಯಿ. ನೋವಿಗೆ ಕೊಡ್ತಾಳಂತೆ. ಕಾಸು ಮುಟ್ಟಲ್ವಂತೆ. ತರಿಸ್ಕೊಂಡು ನೋಡು."

ಚಿಕ್ಕತಾಯಿಗೆ ಬೆಟ್ಟ ಹತ್ತೋ ಶಕ್ತಿ ಎಲ್ಲಿಂದ ಬರಬೇಕು? ಮಗನನ್ನ ಕರೆದಳು. "ಲೋ ಮಗ, ಹೋಗಿ ಸ್ಫಟಿಕ ತಗೊಂಡು ಬಾ."

ಹೊಂಬ ಹೊರಟ. ಮರೆಯಬಾರದಲ್ಲ, ಬಾಯಲ್ಲಿ ಹೇಳಿಕೊಳ್ತಾ ಹೊರಟ. ಸ್ಫಟಿಕ ಅನ್ನೋದು ಅವನ ನಾಲಗೆಗೆ ಹತ್ತಲಿಲ್ಲ. ಪಟಿಕ, ಪಟಿಕ, ಪಟಿಕ. ಕ್ಷೌರದಂಗಡಿ ಮುಂದೆ ಹೋಗುವಾಗ ಅಂಗಡಿಯವನಿಗೆ ಕೇಳಿಸಿತು. "ಪಟಿಕ ಬೇಕೇನೋ ಹೊಂಬ? ಅದಕ್ಕ್ಯಾಕೆ ಬೆಟ್ಟದ ದಾರಿ ಹಿಡ್ದಿದೀಯ? ತಗೊ" ಅಂತ, ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜೋ ಪಟಿಕದ ಚೂರು ಕೊಟ್ಟ.

ಸುಲಿದ ಹೊಟ್ಟೆ ಮೇಲೆ ಹೊಂಬ ಅದನ್ನ ಇಟ್ಟ. ಚಿಕ್ಕತಾಯಿ ಕಿಟಾರನೆ ಕಿರುಚಿದಳು.

"ಅಯ್ಯೋ ನನ್ನ ಕರ್ಮವೇ! ಉರಿ, ಉರಿ! ಇದೆಲ್ಲಿ ತಂದ್ಯೋ?"

"ಅಂಗಡಿಲಿ ಕೊಟ್ರು ಕಣವ್ವ."

"ಕಂಡಕಂಡೋರು ಕೊಟ್ಟಿದ್ದನ್ನೆಲ್ಲ ಈಸ್ಕೊಂಡು ಬರ್ತೀಯೇನ್ಲಾ? ಗವಿಯವ್ವ ಕೈಯಾರೆ ಕೊಡೋಗಂಟ ಯಾರು ಏನು ಕೊಟ್ರೂ ಈಸ್ಕೋಬೇಡ!"

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಬೆಟ್ಟ ಹತ್ತಿದ. ಕಲ್ಲು ಕಾದ ಬಿಸಿಲು. ದಾರಿಯಲ್ಲಿ ದನ ಕಾಯೋ ಮುದುಕನೊಬ್ಬ, "ನಾಲಗೆ ಹೊರಗೆ ಬಿದ್ದದಲ್ಲೋ, ನೀರು ಕುಡಿ" ಅಂತ ಸೋರೆಬುರುಡೆ ಚಾಚಿದ. ಹೊಂಬ ಈಸ್ಕೊಳ್ಳಲಿಲ್ಲ. "ನೀನು ಗವಿಯವ್ವನಾ?" ಅಂದ. "ಅಲ್ಲಪ್ಪ" ಅಂದ ಮುದುಕ. ಹೊಂಬ ಮುಂದಕ್ಕೆ ನಡೆದ. ಗವಿಯ ಬಾಯಿಗೆ ಬಂದವನೇ ಧೊಪ್ಪನೆ ಬಿದ್ದ.

ಗವಿಯವ್ವ ಅಂದರೆ ಒಣಕಲು ಮುದುಕಿ. ಕಣ್ಣು ಮಂಜಾಗಿತ್ತು. ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಅವನ ಮುಖಕ್ಕೆ ನೀರು ಚಿಮುಕಿಸಿ, ಕುಡಿಸಿ, ಅವ್ವನ ಸಂಗತಿ ಕೇಳಿಕೊಂಡಳು. ಆಮೇಲೆ ಒಂದು ಬಟ್ಟೆ ಬಿಚ್ಚಿ ಕಲ್ಲು ತೆಗೆದಳು. ಹೆಬ್ಬೆರಳ ಗಾತ್ರ. ಬೊಗಸೆಯೊಳಗಿನ ನೀರಿನ ಹಾಗೆ ತಿಳಿ.

"ಇದು ಬರೀ ಕಲ್ಲಲ್ಲ ಮಗ. ಬೆಳಕು ಹೆಪ್ಪುಗಟ್ಟಿ ಹಿಂಗಾಗಿರೋದು. ಇದರೊಳಗೆ ಏನೂ ಇಲ್ಲ, ಅದಕ್ಕೇ ಎಲ್ಲದಕ್ಕೂ ಜಾಗ ಅದೆ. ನೋವಿದ್ದ ಕಡೆ ಇಟ್ರೆ ನೋವು ಕುಡೀತದೆ. ಸಿಟ್ಟಿದ್ದ ಕಡೆ ಇಟ್ರೆ ಸಿಟ್ಟು ಕುಡೀತದೆ. ಬೇರೆಯವರ ಕೈ ಸೋಕಿದ್ರೆ ಹರಿಯೋ ನೀರಲ್ಲಿ ತೊಳೀಬೇಕು. ಶಕ್ತಿ ಕುಂದಿದ್ರೆ ಬಿಸಿಲಿಗಿಡಬೇಕು. ಸಾವನ್ನ ಮಾತ್ರ ಇದು ಕುಡಿಯಲ್ಲ. ಅದನ್ನ ನಿಮ್ಮವ್ವನಿಗೆ ಹೇಳು. ಇನ್ನೊಂದು ಮಾತು. ಕಲ್ಲು ಅಂತ ಕಡೆಗಣಿಸಬೇಡಿ. ತಲೆ ಮೇಲಿಟ್ಕೊಂಡು ನಡ್ಕೊಳ್ಳಿ."

ಹೊಂಬ ಕಲ್ಲನ್ನ ತಲೆ ಮೇಲೆ ಇಟ್ಕೊಂಡ. ನಡೆದ. ಕತ್ತು ಅಲ್ಲಾಡಿಸೋ ಹಾಗಿಲ್ಲ, ಕೆಳಗೆ ನೋಡೋ ಹಾಗಿಲ್ಲ. ಬೆಟ್ಟ ಇಳಿಯೋ ದಾರಿ ಬೇರೆ. ಒಂದು ಮುಳ್ಳು ತುಳಿದ, ಎರಡು ಬಂಡೆ ಎಡವಿದ, ಮೊಣಕಾಲು ಒಡೆದ. ಕಲ್ಲು ಮಾತ್ರ ಬೀಳಿಸಲಿಲ್ಲ. ಮಧ್ಯಾಹ್ನ ಬರಬೇಕಾದವನು ದೀಪ ಹಚ್ಚೋ ಹೊತ್ತಿಗೆ ಬಂದ, ಕಾಲು ತುಂಬ ರಕ್ತ.

ಅವ್ವ ಅಷ್ಟು ಹೊತ್ತೂ ಹೊಟ್ಟೆ ಹಿಡ್ಕೊಂಡು ಹೊರಳ್ತಾ ಇದ್ದಳು.

"ಯಾಕೋ ಇಷ್ಟು ಹೊತ್ತು? ತಲೆ ಮೇಲೇನೋ ಅದು?"

"ತಲೆ ಮೇಲಿಟ್ಕೊಂಡು ನಡಿ ಅಂದ್ಳು. ಹೇಳಿದಂಗೇ ಮಾಡ್ದೆ ಕಣವ್ವ! ನೋವು ಕುಡೀತದಂತೆ. ಸಿಟ್ಟೂ ಕುಡೀತದಂತೆ. ಬೇರೆಯವರ ಕೈ ಸೋಕಿದ್ರೆ ಹರಿಯೋ ನೀರಲ್ಲಿ ತೊಳೀಬೇಕಂತೆ, ಶಕ್ತಿ ಕುಂದಿದ್ರೆ ಬಿಸಿಲಿಗಿಡಬೇಕಂತೆ. ಸಾವನ್ನ ಮಾತ್ರ ಕುಡಿಯಲ್ವಂತೆ, ನಿಮ್ಮವ್ವನಿಗೆ ಹೇಳು ಅಂದ್ಳು."

ಬೈಯೋಕೆ ಅಂತ ಬಾಯಿ ತೆರೆದಿದ್ದ ಚಿಕ್ಕತಾಯಿ ಅವನ ಕಾಲಿನ ರಕ್ತವನ್ನ ಸೆರಗಿನಿಂದ ಒರೆಸಿದಳು. ಆಮೇಲೆ ಮೆಲ್ಲಗೆ ಅಂದಳು: "ತಲೆ ಮೇಲಲ್ಲ ಕಣ್ಲಾ ಮಂಕೆ. ನೋವು ಎಲ್ಲದೋ ಅಲ್ಲಿ ಇಡಬೇಕು. ಎಲ್ಲಿ ನೋವೋ ಅಲ್ಲಿ!"

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಕಲ್ಲನ್ನ ಹೊಟ್ಟೆ ಮೇಲೆ ಇಟ್ಟ. ಅದು ತಣ್ಣಗಿತ್ತು. ಕಲ್ಲಿನಿಂದಲೋ, ಆ ತಂಪಿನಿಂದಲೋ, ಮಗ ಪಕ್ಕದಲ್ಲಿ ಕೂತದ್ದಕ್ಕೋ, ಚಿಕ್ಕತಾಯಿಗೆ ನಿದ್ದೆ ಬಂತು. ಬಹಳ ದಿನದ ಮೇಲೆ ಬಂದ ನಿದ್ದೆ.

ಬೆಳಗ್ಗೆ ಹೊಂಬ ಕಲ್ಲನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು ನೀರಿಗೆ ಹೋದ. ಜವನಮ್ಮ ತನ್ನ ಮನೆ ಬಾಗಿಲಲ್ಲಿ ಹಣೆ ಹಿಡ್ಕೊಂಡು ಕೂತಿದ್ದಳು.

"ಏನತ್ತೆ, ನೋವಾ?"

"ಇನ್ನೇನಪ್ಪ! ನನ್ನ ತಲೆನೋವು ಅಲ್ಲೇ ಬಿದ್ಕೊಂಡದಲ್ಲ, ಜಗಲಿ ಮೇಲೆ, ನೋಡು! ನಿಂಗರಾಜ ಅಂತ ಹೆಸರು ಅದಕ್ಕೆ!"

ನಿಂಗರಾಜ ಅಂದರೆ ಅವಳ ಅಳಿಯ. ಕುಡಿದು ಬಂದು ಅಂಗಾತ ಬಿದ್ದು ಗೊರಕೆ ಹೊಡೀತಿದ್ದ. ಹೊಂಬ ನೋಡಿದ. ತಲೆನೋವು ಅಲ್ಲಿದೆ. ನೋವು ಎಲ್ಲೋ ಅಲ್ಲಿ. ಹೋದವನೇ ನಿಂಗರಾಜನ ಎದೆ ಮೇಲೆ ಕೂತು, ಹಣೆಗೆ ಕಲ್ಲಿಟ್ಟು, ಎರಡೂ ಕೈಯಲ್ಲಿ ಒತ್ತಿದ. ಎತ್ತಿನಂಥ ಮೈ ಅಂದೆನಲ್ಲ. ನಿಂಗರಾಜನ ಕಣ್ಣು ಮೇಲಾಯಿತು. ಹೇಗೋ ಒದೆದು ಮೇಲೆದ್ದು, ಮೂಲೆಯಲ್ಲಿದ್ದ ಒನಕೆ ಹಿರಿದು ಹೊಂಬನಿಗೆ ಬಾರಿಸಿದ. ಹೊಂಬ ಕೈ ಎತ್ತಲಿಲ್ಲ. "ಸಿಟ್ಟೂ ಕುಡೀತದಂತೆ, ತಾಳಣ್ಣ, ಅದನ್ನೂ ಕುಡಿಸ್ತೀನಿ" ಅಂತ ಒದೆ ತಿನ್ನುತ್ತಲೇ ಕಲ್ಲು ಚಾಚಿದ. ಇನ್ನೂ ನಾಲ್ಕು ಬಿತ್ತು. ಮುಂದಿನ ಹಲ್ಲು ಹೋಯಿತು. ಜವನಮ್ಮ ಬಾಯಿ ಬಡ್ಕೊಂಡು ನಡುವೆ ಬಂದು ಬಿಡಿಸಿದಳು.

ಬಾಯಿ ತುಂಬ ರಕ್ತ ತುಂಬಿಕೊಂಡು ಬಂದ ಮಗನನ್ನ ನೋಡಿ ಚಿಕ್ಕತಾಯಿ ಏಳೋಕೆ ಹೋದಳು, ಆಗಲಿಲ್ಲ.

"ಅಯ್ಯೋ ನನ್ನ ಕರ್ಮವೇ! ಅವನ ಹಣೆಗ್ಯಾಕೆ ಇಟ್ಯೋ?"

"ಅತ್ತೆಯ ತಲೆನೋವು ಅಲ್ಲಿತ್ತು ಕಣವ್ವ."

"ಕಂಡೋರ ಮೈ ಸೋಕಿಸಿ ತಂದ್ಯಲ್ಲೋ! ಗವಿಯವ್ವ ಹೇಳಿದ್ದು ಮರೆತ್ಯಾ? ಬೇರೆಯವರ ಕೈ ಸೋಕಿದ್ದನ್ನ ಹರಿಯೋ ನೀರಲ್ಲಿ ತೊಳೀಬೇಕು! ಮೊದ್ಲು ಅದನ್ನ ಮಾಡು!"

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಕಾಲುವೆಗೆ ಹೋಗಿ ಕಲ್ಲು ತೊಳ್ಕೊಂಡು ಬಂದ. ಅಷ್ಟಕ್ಕೇ ನಿಂತಿದ್ದರೆ ನಾನು ಇಲ್ಲಿಗೇ ಕತೆ ಮುಗಿಸ್ತಿದ್ದೆ.

ನೋವು ದಿನದಿಂದ ದಿನಕ್ಕೆ ಏರಿತು. ಕಲ್ಲು ಕುಡಿಯೋದಕ್ಕಿಂತ ಜಾಸ್ತಿ ಬರ್ತಿತ್ತು ಅಂತ ಕಾಣ್ತದೆ. ಆಸ್ಪತ್ರೆಯ ನರ್ಸಮ್ಮ ಒಂದು ದಿನ ಹಳ್ಳಿಗೆ ಬಂದಳು. ಚಿಕ್ಕತಾಯಿಯ ಹತ್ತಿರ ಕೂತು ಮೈ ಸವರಿದಳು. ಒಂದು ಪೊಟ್ಟಣ ಬಿಳೀ ಮಾತ್ರೆ ಹೊಂಬನ ಕೈಗೆ ಕೊಟ್ಟಳು. "ತುಂಬ ನೋವು ಅಂದಾಗ ಒಂದು ಕೊಡಪ್ಪ. ಇದು ಬಹಳ ಕಷ್ಟದಲ್ಲಿ ಸಿಕ್ಕಿರೋದು. ಜೋಪಾನ."

ನರ್ಸಮ್ಮ ಹೋದಳು. ಹೊಂಬ ಪೊಟ್ಟಣ ನೋಡಿದ. ನರ್ಸಮ್ಮ ಬೇರೆಯವಳು. ಅವಳ ಕೈ ಸೋಕಿದೆ. ಹರಿಯೋ ನೀರಲ್ಲಿ ತೊಳೀಬೇಕು. ಜೋಪಾನ ಅಂದಿದ್ದಾಳೆ, ಒಂದೊಂದನ್ನೂ ಬಿಡಿಸಿ ಚೆನ್ನಾಗಿ ತೊಳೀಬೇಕು. ಕಾಲುವೆಯಲ್ಲಿ ಮೊಣಕಾಲು ನೀರಿಗೆ ಇಳಿದ. ಒಂದೊಂದೇ ಮಾತ್ರೆ ಅಂಗೈಲಿಟ್ಟು ಉಜ್ಜಿದ. ಉಜ್ಜಿದ ಹಾಗೆ ಅದು ಬೆಳ್ಳಗೆ ಕರಗಿ, ಹಾಲಿನ ಎಳೆಯ ಹಾಗೆ ನೀರಲ್ಲಿ ಹೋಗ್ತಿತ್ತು. ಎಷ್ಟು ಕೊಳೆ ಇತ್ತು ಅಂದ್ಕೊಂಡ ಹೊಂಬ. ಪೊಟ್ಟಣ ಪೂರ್ತಿ ತೊಳೆದ.

ಸಂಜೆ ನೋವು ಬಂತು. ಚಿಕ್ಕತಾಯಿ ಚಾಪೆಯ ಅಂಚು ಕಚ್ಚಿಕೊಂಡಳು. "ಮಾತ್ರೆ ಕೊಡೋ ಮಗ" ಅಂದಳು.

ಹೊಂಬ ಖಾಲಿ ಕೈ ತೋರಿಸಿದ. "ತೊಳೆದೆ ಕಣವ್ವ. ಏನೂ ಉಳೀಲಿಲ್ಲ. ಬರೀ ಕೊಳೆಯೇ ಇತ್ತು. ಹೇಳಿದಂಗೇ ಮಾಡ್ದೆ ಕಣವ್ವ!"

ಆ ನೋವು ಎಂಥದ್ದು ಅಂತ ನಾನು ಹೇಳಲ್ಲ. ಜವನಮ್ಮ ತನ್ನ ಮನೆಯಲ್ಲಿ ಕಿವಿ ಮುಚ್ಕೊಂಡು ಕೂತಳು. ಸುಮ್ಮನೆ ಬಿದ್ದಿರ್ತಿದ್ದ ನಿಂಗರಾಜ ಕೂಡ ಎದ್ದು ಪೇಟೆಗೆ ಓಡಿದ, ಇನ್ನೊಂದು ಪೊಟ್ಟಣ ಸಿಗ್ತದಾ ಅಂತ. ಸಿಗಲಿಲ್ಲ. ಹೊಂಬ ಕಲ್ಲನ್ನ ಅವ್ವನ ಹೊಟ್ಟೆಗೆ ಒತ್ತಿ ಹಿಡ್ಕೊಂಡು, "ಕುಡಿ, ಕುಡಿ, ಬೇಗ ಕುಡಿ" ಅಂತ ಕಲ್ಲಿಗೆ ಹೇಳ್ತಾ ಇದ್ದ.

ಮಾರನೇ ದಿನ ನೋವು ಇಳಿದ ಮೇಲೆ ಚಿಕ್ಕತಾಯಿಗೆ ಜೋರಾಗಿ ಬೈಯೋಕೂ ದನಿ ಉಳಿದಿರಲಿಲ್ಲ.

"ಇನ್ನು ಏನನ್ನೂ ನೀರಿಗೆ ಹಾಕ್ಬೇಡ ಕಣ್ಲಾ. ನೀರಿಗೆ ಹಾಕಿದ್ದು ಕರಗೋಯ್ತದೆ."

"ಮತ್ತೇನು ಮಾಡ್ಲವ್ವ? ಕಲ್ಲು ಮೊದಲಿನಂಗೆ ಕುಡೀತಿಲ್ಲ."

"ಅದಕ್ಕೂ ಶಕ್ತಿ ಕುಂದಿರ್ಬೇಕು. ಶಕ್ತಿ ಕುಂದಿದ್ದನ್ನ ಬಿಸಿಲಿಗಿಡು ಅಂದಿಲ್ವಾ ಗವಿಯವ್ವ? ಬಯಲಲ್ಲಿ, ನೆರಳು ಬೀಳದಂಗೆ ಇಡು."

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಹೊಂಬ ಕಲ್ಲನ್ನ ಬಿಸಿಲಿಗಿಡೋಣ ಅಂತಲೇ ಎದ್ದ. ಅಷ್ಟರಲ್ಲಿ ಅವ್ವ ನಿಟ್ಟುಸಿರು ಬಿಟ್ಟು ತನಗೆ ತಾನೇ ಅಂದುಕೊಂಡಳು: "ನನಗೇ ಶಕ್ತಿ ಇಲ್ಲ. ಒಂದು ಚೂರೂ ಇಲ್ಲ."

ಹೊಂಬ ಹಿಂದಕ್ಕೆ ತಿರುಗಿದ. ಚಾಪೆ ಸಮೇತ ಅವ್ವನನ್ನ ಎತ್ತಿಕೊಂಡ. ಒಂದು ಹೊರೆ ಹಂಚಿಕಡ್ಡಿಯಷ್ಟೂ ಭಾರ ಇರಲಿಲ್ಲ ಅವಳು. ಊರಾಚೆಯ ಬಂಡೆ ಮೇಲೆ ತಂದು ಮಲಗಿಸಿದ. ನಡುಹಗಲು. ಮೊದಲಿಗೆ ಚಿಕ್ಕತಾಯಿಗೆ ಹಿತವೇ ಆಯಿತು. ಎಷ್ಟೋ ದಿನದಿಂದ ಕತ್ತಲ ಕೋಣೆಯ ಮಾಡು ನೋಡ್ತಾ ಇದ್ದವಳಿಗೆ ಬೆಟ್ಟ ಕಂಡಿತು, ಹಂಚಿಹುಲ್ಲು ಗಾಳಿಗೆ ಬಾಗೋದು ಕಂಡಿತು. "ಚೆಂದಾಗಿ ಅದೆ ಕಣ್ಲಾ" ಅಂದಳು. ಆಮೇಲೆ ಬಂಡೆ ಕಾದಿತು. "ಸಾಕು ಮಗ, ಒಳಗೆ ಕರ್ಕೊಂಡೋಗು" ಅಂದಳು. ಹೊಂಬನಿಗೆ ಅಳು ಬಂತು. ಆದರೂ, "ಇನ್ನೂ ತುಂಬಿಲ್ಲ ಕಣವ್ವ, ಇನ್ನೊಂಚೂರು ತಡ್ಕೊ" ಅಂದ. ಆಮೇಲೆ ಅವಳ ಮಾತು ನಿಂತಿತು. ಹೊಂಬನ ನೆರಳು ಅವಳ ಮುಖದ ಮೇಲೆ ಬೀಳ್ತಿತ್ತು. ಅವನು ಪಕ್ಕಕ್ಕೆ ಸರಿದು ನಿಂತ.

ಜವನಮ್ಮ ನೋಡಿ, ಕಿರುಚಿಕೊಂಡು ಓಡಿಬಂದು, ತನ್ನ ಸೆರಗು ಹಿಡಿದು ನೆರಳು ಮಾಡೋಕೆ ಹೋದಳು. ಹೊಂಬ ಸೆರಗು ಹಿಡಿದು ಎಳೆದ. "ನೆರಳು ಬೀಳಬಾರ್ದತ್ತೆ!"

"ಅಯ್ಯೋ ಪಾಪಿ! ಹೆತ್ತವಳನ್ನ ಸುಟ್ಟು ಹಾಕ್ತೀಯೇನೋ! ಕಲ್ಲಿಗೆ ಹೇಳಿದ್ದು ಕಣೋ ಅದು, ಮನುಷ್ಯರಿಗಲ್ಲ!"

ನಿಂಗರಾಜ ಬಂದು ಅವಳನ್ನ ಎತ್ತಿ ಮನೆಗೆ ತಂದ. ಬೆನ್ನಿಗೆಲ್ಲ ಗುಳ್ಳೆ ಎದ್ದಿತ್ತು. ಮೈ ಕೆಂಡ. ಜವನಮ್ಮ ಹಸೀ ಬಟ್ಟೆ ಸುತ್ತಿದಳು. ಆಮೇಲೆ, ಇವನಿಗೆ ಹೇಳೋದು ನನ್ನಿಂದಾಗಲ್ಲ ಅಂತ ಅಳಿಯನನ್ನ ಕಳಿಸಿ ಗವಿಯವ್ವನನ್ನೇ ಬೆಟ್ಟದಿಂದ ಕರೆಸಿದಳು.

ಗವಿಯವ್ವ ಬಂದು ಚಿಕ್ಕತಾಯಿಯ ಹಣೆ ಮುಟ್ಟಿದಳು. ಕೈ ಹಿಂದಕ್ಕೆ ತಗೊಂಡಳು. ಕಲ್ಲನ್ನ ಈಸ್ಕೊಂಡು ಕಣ್ಣ ಹತ್ತಿರ ಹಿಡಿದಳು. ಕಲ್ಲು ಮಂಜಾಗಿತ್ತು. ಬೆವರೋ, ಹೊಟ್ಟೆಗೆ ಸವರಿದ ಹರಳೆಣ್ಣೆಯೋ, ಏನೋ. ಹೊಂಬನನ್ನ ಎದುರು ಕೂರಿಸಿಕೊಂಡಳು.

"ನೋಡು ಮಗ. ಈ ಕಲ್ಲು ಅದೆಯಲ್ಲ, ಇದು ನಿಮ್ಮವ್ವನ ನೋವು ಕುಡಿದು ಕುಡಿದು ತುಂಬಿಹೋಗ್ಯದೆ. ಇನ್ನು ಇದನ್ನ ಮಣ್ಣಿಗಿಡಬೇಕು. ಮಣ್ಣು ಎಲ್ಲ ನೋವನ್ನೂ ಹೀರ್ಕೊಳ್ತದೆ. ಮೂರನೇ ದಿನ ತೆಗೆದ್ರೆ ಮೊದಲು ಹೆಂಗಿತ್ತೋ ಹಂಗೆ ತಿಳಿಯಾಗಿರ್ತದೆ. ಏನು ಮಾಡ್ತೀಯ, ಹೇಳು?"

"ಮಣ್ಣಿಗಿಡ್ತೀನಿ."

"ಏನನ್ನ?"

"ತುಂಬಿಹೋಗಿರೋದನ್ನ."

"ಯಾವಾಗ ತೆಗೀತೀಯ?"

"ಮೂರನೇ ದಿನ."

"ಜಾಣ" ಅಂದಳು ಗವಿಯವ್ವ. ಹೊಂಬನನ್ನ ಜಾಣ ಅಂದವರು ಅವಳೇ ಮೊದಲು.

ಹಿತ್ತಲಲ್ಲಿ ಗುಂಡಿ ತೋಡಿ, ಕಲ್ಲನ್ನ ಬಟ್ಟೆಯಲ್ಲಿ ಸುತ್ತಿ ಇಟ್ಟು, ಮಣ್ಣು ಮುಚ್ಚಿ, ಗುರುತಿಗೆ ಕಡ್ಡಿ ನೆಟ್ಟ. ನೀರಿಗೆ ಹಾಕಲಿಲ್ಲ. ಬಿಸಿಲಿಗಿಡಲಿಲ್ಲ. ತಲೆ ಮೇಲಿಟ್ಕೊಳ್ಳಲಿಲ್ಲ. ಮೂರನೇ ದಿನ ಬೆಳಗ್ಗೆ ತೆಗೆದು, ಬಟ್ಟೆ ಬಿಚ್ಚಿ, ಒರೆಸಿ, ಅವ್ವನ ಮುಂದೆ ಹಿಡಿದ. ಕಲ್ಲು ಫಳಫಳ ಅಂತಿತ್ತು.

ಚಿಕ್ಕತಾಯಿ ನೋಡಿದಳು. ಒಣಗಿದ ತುಟಿ ಅರಳಿತು. "ಅಂತೂ ಒಂದು ಕೆಲಸ ಸರಿಯಾಗಿ ಮಾಡ್ದೆ ಕಣ್ಲಾ ಮಗ. ನನ್ನ ಬಂಗಾರ" ಅಂದಳು. ಜವನಮ್ಮನ ಕಡೆ ತಿರುಗಿ, "ನೋಡ್ದ್ಯಾ, ಬಿಡಿಸಿ ಹೇಳಿದ್ರೆ ಮಾಡ್ತಾನೆ ಕಣೆ" ಅಂದಳು. ಜವನಮ್ಮ ಹೂಂ ಅಂದಳು. ಹೊಂಬನ ಖುಷಿಗೆ ಮೇರೆಯೇ ಇಲ್ಲ. ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. "ನಾನು ಸರಿಯಾಗಿ ಮಾಡ್ದೆ! ಅವ್ವನೇ ಅಂದ್ಳು! ತುಂಬಿದ್ದನ್ನ ಮಣ್ಣಿಗಿಡಬೇಕು, ಮೂರನೇ ದಿನ ತೆಗೀಬೇಕು!" ಜನ ನಕ್ಕರು. ಹೌದಪ್ಪ, ಜಾಣ ಅಂದರು.

ಆ ವಾರದಲ್ಲೇ ಒಂದು ಬೆಳಗ್ಗೆ ಚಿಕ್ಕತಾಯಿ ಸತ್ತಳು. ಕಲ್ಲು ಹೊಟ್ಟೆಯ ಮೇಲಿತ್ತು. ಹೊಂಬನ ಕೈ ಕಲ್ಲಿನ ಮೇಲಿತ್ತು.

ಜವನಮ್ಮ ಗೋಳೋ ಅಂತ ಅತ್ತಳು. ಊರ ಹೆಂಗಸರು ಸೇರಿ ಅತ್ತರು. ಹೊಂಬ ಅಳಲಿಲ್ಲ. ಅವ್ವನ ಮುಖ ನೋಡಿದ. ಮುಖ ಹಿಂಡಿಕೊಂಡೇ ಇತ್ತು, ಹಾಗೇ ನಿಂತುಬಿಟ್ಟಿತ್ತು. ಒಳಗಿದ್ದ ನೋವು ಹೊರಗೆ ಬರಲಾರದೆ ತುಂಬಿ ನಿಂತ ಹಾಗೆ. ಕಣ್ಣು ಮಂಜಾಗಿತ್ತು.

"ಅಳೋ ಹೊಂಬ, ಅತ್ತುಬಿಡೋ" ಅಂದರು.

"ಯಾಕೆ?" ಅಂದ ಹೊಂಬ.

ಗುಂಡಿ ತೋಡೋಕೆ ಅವನೇ ಹೋದ. ಎಲ್ಲರಿಗಿಂತ ಚೆನ್ನಾಗಿ ತೋಡಿದ. ಮೆತ್ತಗಿರಲಿ ಅಂತ ತಳದ ಮಣ್ಣನ್ನ ಕೈಯಲ್ಲಿ ಪುಡಿ ಮಾಡಿದ. ಇಳಿಸೋವಾಗ ಕಲ್ಲನ್ನೂ ಅವಳ ಮುಷ್ಟಿಯಲ್ಲಿಟ್ಟ. ಎಂಥ ಪ್ರೀತಿ ಅಂತ ಜನ ಕಣ್ಣೊರೆಸ್ಕೊಂಡರು. "ಹೋಗವ್ವ ತಾಯಿ, ಮಣ್ಣಿಗಿಟ್ಟಾಯ್ತು. ಇನ್ನು ನಿನಗೆ ನೋವಿಲ್ಲ" ಅಂತ ಹಿರಿಯರೊಬ್ಬರು ಮಣ್ಣು ಹಾಕಿದರು. ಹೊಂಬ ತಲೆಯಾಡಿಸಿದ. ಮಣ್ಣು ಮುಚ್ಚಿದ ಮೇಲೆ ತಲೆದೆಸೆಯಲ್ಲಿ ಒಂದು ಕಡ್ಡಿ ನೆಟ್ಟ.

ಮನೆಗೆ ಬಂದವನು ನೆಲ ಗುಡಿಸಿದ. ಚಾಪೆ ಕೊಡವಿದ. ಅವ್ವನ ನೀಲಿ ಸೀರೆ ಒಗೆದು ಒಣಗಿಸಿ ಮಡಿಸಿಟ್ಟ. ಹೊರೆ ಹಂಚಿಕಡ್ಡಿ ತಂದು, ಅವಳು ಕೂರೋ ಜಾಗದಲ್ಲಿ ನೀರು ಚಿಮುಕಿಸಿ ಇಟ್ಟ. ಅವನ ಮುಖದಲ್ಲಿ ನಗು ಕಂಡವರು ಉಗಿದರು. "ಹೆತ್ತವಳು ಸತ್ತರೂ ಹಲ್ಲು ಬಿಡ್ತಾನಲ್ಲ!"

ಮೂರನೇ ದಿನ ಹಾಲು ತುಪ್ಪ. ಜವನಮ್ಮ ಚೆಂಬಿನಲ್ಲಿ ಹಾಲು, ಬಟ್ಟಲಲ್ಲಿ ತುಪ್ಪ ಹಿಡ್ಕೊಂಡು ಹೊಂಬನ ಮನೆಗೆ ಬಂದು ಕರೆದಳು. ಮನೆ ಬಾಗಿಲು ತೆರೆದಿತ್ತು. ಹೊಂಬ ಇರಲಿಲ್ಲ. ಮುಂದೆ ಹೋಗಿರಬೇಕು ಅಂತ ಎಲ್ಲರೂ ಮಣ್ಣು ಮಾಡಿದ ಜಾಗಕ್ಕೆ ಹೊರಟರು. ನಿಂಗರಾಜ ಮುಂದೆ, ಹೆಂಗಸರು ಹಿಂದೆ.

ನಿಂಗರಾಜ ಮುಂದೆ ಹೋದವನು ನಿಂತುಬಿಟ್ಟ. ಹಿಂದಕ್ಕೆ ತಿರುಗಿ, "ಹೆಂಗಸರು ಬರಬೇಡಿ" 	ಅಂದ. ಆಮೇಲೆ ಪಕ್ಕದ ಬೇಲಿ ಹಿಡಿದು ವಾಂತಿ ಮಾಡಿಕೊಂಡ.

ಜವನಮ್ಮ ನಿಲ್ಲಲಿಲ್ಲ. ಹೋದಳು.

ಮಣ್ಣೆಲ್ಲ ಒಂದು ಕಡೆ ಅಚ್ಚುಕಟ್ಟಾಗಿ ಗುಡ್ಡೆ ಹಾಕಿತ್ತು. ದಡದಲ್ಲಿ ಒಂದು ಬಿಂದಿಗೆ ನೀರು, ಬಾಚಣಿಗೆ, ಮಡಿಸಿದ ನೀಲಿ ಸೀರೆ. ಗುಂಡಿಯೊಳಗೆ ಹೊಂಬ ಮೊಣಕಾಲೂರಿ ಕೂತಿದ್ದ. ಸುತ್ತಿದ್ದ ಬಟ್ಟೆಯನ್ನ ಅವನು ಪೂರ್ತಿ ಬಿಚ್ಚಿರಲಿಲ್ಲ. ಒಂದು ಕೈ ಮಾತ್ರ ಹೊರಗೆ ತೆಗೆದಿದ್ದ. ಆ ಕೈಯನ್ನ ತನ್ನ ಕೈಯಲ್ಲಿ ಹಿಡ್ಕೊಂಡಿದ್ದ.

"ಬಂದ್ರಾ ಅತ್ತೆ?" ಅಂದ. "ಕಲ್ಲು ಆಗ್ಯದೆ, ನೋಡಿ, ಎಷ್ಟು ತಿಳಿಯಾಗ್ಯದೆ." ಕಲ್ಲು ಎತ್ತಿ ತೋರಿಸಿದ. ಆಮೇಲೆ ಅವನ ಮುಖ ಸಣ್ಣದಾಯಿತು. "ಅವ್ವ ಇನ್ನೂ ಆಗಿಲ್ಲ. ಕೈ ನೋಡ್ದೆ. ಇನ್ನೂ ಆಗಿಲ್ಲ."

ಗುಂಡಿಯ ಸುತ್ತ ನಿಂತವರು ನಿಂತೇ ಇದ್ದರು. ಹೊಂಬ ಒಬ್ಬೊಬ್ಬರ ಮುಖವನ್ನೂ ನೋಡಿದ.

"ತಪ್ಪಾಯ್ತಾ? ಹೇಳಿದಂಗೇ ಮಾಡ್ದೆ. ಮೂರನೇ ದಿನವೇ ತೆಗೆದೆ. ಯಾಕೆ ಯಾರೂ ಬೈತಿಲ್ಲ? ಏನು ಮಾಡ್ಬೇಕಿತ್ತು? ಯಾರಾದ್ರೂ ಹೇಳಿ."

ಜವನಮ್ಮ ಚೆಂಬು ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದಳು. ಆ ಕೈಯನ್ನ ಬಟ್ಟೆಯೊಳಗೆ ಸೇರಿಸಿ ಮುಚ್ಚಿದಳು.

"ಮಣ್ಣು ಮುಚ್ಚಪ್ಪ" ಅಂದಳು.

ಹೊಂಬ ಮುಚ್ಚಿದ. ನಿಂಗರಾಜ ಬಾಯಿ ಒರೆಸಿಕೊಂಡು ಬಂದು ಜೊತೆಗೆ ಮುಚ್ಚಿದ. ಮುಚ್ಚಿ ಆದ ಮೇಲೆ ಹೊಂಬ ಕೇಳಿದ: "ಮೂರು ದಿನ ಸಾಲ್ದು ಅಂತೀರಾ? ಕಲ್ಲಿಗೆ ಅಷ್ಟೇ ನೋವಿತ್ತು, ಅವ್ವನಿಗೆ ಜಾಸ್ತಿ ಇತ್ತು, ಅದಕ್ಕಾ? ಹಂಗಾದ್ರೆ ಎಷ್ಟು ದಿನ ಬಿಡ್ಬೇಕತ್ತೆ?"

ಜವನಮ್ಮ, ಸತ್ತವರು ಬರಲ್ಲ ಅಂತ ಹೇಳೋಕೆ ಬಾಯಿ ತೆರೆದಳು. ಅವನ ಮುಖ ನೋಡಿದಳು. "ನಾನು ಬಂದು ಹೇಳೋಗಂಟ ಬಿಡಪ್ಪ" ಅಂದುಬಿಟ್ಟಳು.

"ಸರಿ ಕಣತ್ತೆ" ಅಂದ ಹೊಂಬ. ಅಲ್ಲೇ ಕೂತ. ಎಲ್ಲರೂ ಹೋದರು, ಅವನು ಏಳಲಿಲ್ಲ. ಬಂದು ಹೇಳ್ತೀನಿ ಅಂದಿದ್ದಾಳೆ. ಬಂದಾಗ ತಾನು ಇಲ್ಲದಿದ್ದರೆ?

ಜವನಮ್ಮ ಸಂಜೆ ಮುದ್ದೆ ಕಟ್ಟಿ, ಸಾರು ಬಿಟ್ಟು, ಇವನೆಲ್ಲಿ ಅಂತ ಹುಡುಕಿದಳು. ಹೋಗಿ ನೋಡಿದರೆ ಅಲ್ಲೇ ಇದ್ದಾನೆ, ಬೆಳಗ್ಗೆ ಕೂತ ಹಾಗೇ. ಅವಳನ್ನ ಕಂಡವನೇ ಎದ್ದು ನಿಂತ. ಕೈ ಆಗಲೇ ಮಣ್ಣಿನ ಕಡೆ.

"ಇವತ್ತಾ ಅತ್ತೆ?"

"ಇವತ್ತಲ್ಲ ಕಣಪ್ಪ. ಏಳು, ಮುದ್ದೆ ಆರೋಯ್ತದೆ."

ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ ಹಾಗೇ. ಮಳೆ ಬಂತು, ದಿಬ್ಬದ ಮೇಲೆ ಹುಲ್ಲು ಬೆಳೆಯಿತು, ನೆಟ್ಟ ಕಡ್ಡಿ ಚಿಗುರಿ ಗಿಡವಾಯಿತು. ಜವನಮ್ಮನಿಗೆ ಮಂಡಿನೋವು ಬಂತು, ಆದರೂ ದಿನಾ ಸಂಜೆ ಅಲ್ಲಿವರೆಗೂ ಕುಂಟಿಕೊಂಡು ಹೋಗಿ ಕರೆಯೋಳು. ದಿನಾ ಅವನು ಕೇಳೋನು, ದಿನಾ ಅವಳು ಹೇಳೋಳು. ಹೊಂಬ ಎದ್ದು, ಪಂಚೆಯ ಮಣ್ಣು ಕೊಡವಿ, ಬಗ್ಗಿ, ನೆಲದ ಹತ್ತಿರ ಬಾಯಿ ತಂದು ಹೇಳೋನು:

"ಇವತ್ತಲ್ವಂತೆ ಕಣವ್ವ. ಇನ್ನೊಂಚೂರು ತಡ್ಕೊ."